ಅಣ್ಣನ ಗೆರೆ ಉಜ್ಜುವ ಕೈ

ಬೆಳಗಿನ ಐದೂವರೆ. ಅಡುಗೆಮನೆಯ ಕಿಟಕಿಗೆ ಒತ್ತಿಟ್ಟ ಹಲಗೆ, ಅದರ ಮೇಲೊಂದು ಹಾಳೆ. ಶಾಯಿಯಕ್ಕ ನಿಬ್ಬನ್ನು ಅದ್ದಿ, ಸೀಸೆಯ ಅಂಚಿಗೆ ಒರೆಸಿ, ಉಸಿರು ಬಿಗಿಹಿಡಿದು ಗೆರೆ ಎಳೆಯುತ್ತಾರೆ. ಒಂದು ಹನಿ ಜಾರಿದರೆ ಅಷ್ಟೂ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಬೆರಳ ತುದಿ ಸದಾ ಕಪ್ಪಾಗಿರುವುದಕ್ಕೆ ಜೆರಾಕ್ಸ್ ಅಂಗಡಿಯವರು ಇಟ್ಟ ಹೆಸರು ಶಾಯಿಯಕ್ಕ.

ಒಬ್ಬ ಲಿಫ್ಟ್ ಆಪರೇಟರನ ಕಥೆ ಹೇಳುವ ಕಪ್ಪು-ಬಿಳುಪು ಕಾಮಿಕ್ಸನ್ನು ಇಪ್ಪತ್ತು ವರ್ಷ ಶಾಯಿಯಕ್ಕ ಮತ್ತು ಅವರ ಅಣ್ಣ ಇಬ್ಬರೇ ಹೊರತಂದಿದ್ದಾರೆ. ವರ್ಷಕ್ಕೆರಡು ಸಂಚಿಕೆ, ಇಪ್ಪತ್ತನಾಲ್ಕು ಪುಟ, ಇನ್ನೂರು ಪ್ರತಿ. ಅಣ್ಣನದು ಪೆನ್ಸಿಲು, ತಂಗಿಯದು ಶಾಯಿ. ಮಡಿಸಿ ಪಿನ್ನು ಹೊಡೆಯುವುದೂ ತಂಗಿಯೇ. ಮುಖಪುಟದಲ್ಲಿ ಹೆಸರು ಮಾತ್ರ ಅಣ್ಣನದು. ಏನು ಗೆರೆ ಸಾರ್ ನಿಮ್ಮದು ಅಂತ ಓದುಗರು ಬರೆಯುವುದೂ ಅಣ್ಣನಿಗೇ. ಶಾಯಿ ಹಚ್ಚುವವರನ್ನು ಯಾರು ಕೇಳುತ್ತಾರೆ ಬಿಡಿ.

ಶಾಯಿ ಒಣಗಿದ ಮೇಲೆ ಪೆನ್ಸಿಲನ್ನು ರಬ್ಬರಿನಿಂದ ಪೂರ್ತಿ ಉಜ್ಜಿಬಿಡಬೇಕು, ಇಲ್ಲದಿದ್ದರೆ ಜೆರಾಕ್ಸಿನಲ್ಲಿ ಕೊಳಕಾಗಿ ಬೀಳುತ್ತದೆ. ಇಷ್ಟು ವರ್ಷ ಉಜ್ಜುವಾಗ ಅವರಿಗೆ ಏನೂ ಅನ್ನಿಸಿರಲಿಲ್ಲ. ಆರು ತಿಂಗಳ ಹಿಂದೆ ಅಣ್ಣ ತೀರಿಕೊಂಡರು. ಆಸ್ಪತ್ರೆಯ ಹಾಸಿಗೆಯಲ್ಲೇ ಕೊನೆಯ ಸಂಚಿಕೆಯ ಪೆನ್ಸಿಲ್ ಕೆಲಸ ಮುಗಿಸಿ, ಇದನ್ನು ಹೊರತರಲೇಬೇಕೆಂದು ತಂಗಿಯಿಂದ ಮಾತು ತೆಗೆದುಕೊಂಡಿದ್ದರು. ಮಾತು ಉಳಿಸಿದರೆ ಅಣ್ಣನ ಗೆರೆ ಅಳಿಯುತ್ತದೆ, ಗೆರೆ ಉಳಿಸಿದರೆ ಮಾತು ತಪ್ಪುತ್ತದೆ. ಅತ್ತ ದರಿ, ಇತ್ತ ಪುಲಿ.

ಮೊದಲ ಪುಟದಲ್ಲೇ ಎಡವಿದರು. ಕಾಯಿಲೆಗೆ ಅಣ್ಣನ ಗೆರೆ ನಡುಗಿತ್ತು. ಅಭ್ಯಾಸಬಲದಿಂದ ತಂಗಿ ಎಲ್ಲವನ್ನೂ ನೆಟ್ಟಗೆ ಮಾಡಿ, ಉಜ್ಜಿ, ಪುಡಿ ಊದಿಬಿಟ್ಟರು. ಆಮೇಲೆ ನೋಡಿದರೆ ಲಿಫ್ಟಿನವನ ಮುಖ ಎಂದಿನಂತೆ ಚೆಂದವಾಗೇ ಇದೆ, ಅದರಲ್ಲಿ ಅಣ್ಣ ಇಲ್ಲ.

"ಆ ನಡುಕಾನೇ ಅವನ ಕೊನೇ ಮಾತಾಗಿತ್ತು. ನಾನೇ ಬಾಯಿ ಮುಚ್ಚಿಸ್ಬಿಟ್ಟೆ" ಎನ್ನುತ್ತಾರೆ.

ಅಲ್ಲಿಂದ ಮುಂದೆ, ಅಣ್ಣ ನಡುಗಿದಲ್ಲಿ ನಡುಗಿದ ಹಾಗೇ ಶಾಯಿ. ಗಟ್ಟಿ ಕೈಯಲ್ಲಿ ನಡುಗುವ ಗೆರೆ ಎಳೆಯುವುದು ಹುಡುಗಾಟವಲ್ಲ. ಪುಟಕ್ಕೆ ಎರಡು ಬೆಳಗು ಸಾಕಾಗುತ್ತಿದ್ದದ್ದು ಈಗ ಐದಾರು ಬೇಕು, ಎಂಟಕ್ಕೆ ಹೊಲಿಗೆ ಅಂಗಡಿಯ ಕೆಲಸಕ್ಕೂ ಹೊರಡಬೇಕು. ಉಜ್ಜಿದ ರಬ್ಬರ್ ಪುಡಿಯನ್ನು ಎಸೆಯಲು ಮನಸ್ಸು ಬಾರದೆ ಡಬ್ಬಿಗೆ ತುಂಬಿಡುತ್ತಾರೆ. ಅತ್ತಿಗೆ ಅದನ್ನು ನೋಡಿ, ನಿನಗೆಲ್ಲೋ ಹುಚ್ಚು ಅಂದರಂತೆ. ಆಮೇಲೆ ಅವರೇ ಮುಚ್ಚಳ ಹುಡುಕಿಕೊಟ್ಟರಂತೆ.

ಇವತ್ತಿನದು ಇಪ್ಪತ್ತಮೂರನೆಯ ಪುಟ. ಇನ್ನು ಉಳಿದಿರುವುದು ಒಂದೇ, ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುವ ಚಿತ್ರ. ಅದಕ್ಕೆ ಶಾಯಿ ಮುಟ್ಟಿಸದೆ ಪೆನ್ಸಿಲಿನಲ್ಲೇ ಜೆರಾಕ್ಸಿಗೆ ಕೊಡುವುದೆಂದು ತೀರ್ಮಾನಿಸಿದ್ದಾರೆ. ಮಸುಕಾಗಿ ಬರುತ್ತೆ, ಓದುಗರು ಬಯ್ಯುತ್ತಾರೆ ಎಂದು ಅಂಗಡಿಯವರು ಎಚ್ಚರಿಸಿದ್ದಾರೆ.

"ಬಯ್ಯಲಿ" ಎನ್ನುತ್ತಾರೆ ಶಾಯಿಯಕ್ಕ, ನಿಬ್ಬು ತೊಳೆಯುತ್ತ. "ಇಪ್ಪತ್ತು ವರ್ಷ ಅವನ ಗೆರೆ ಅಂತ ಎಲ್ಲರೂ ಹೊಗಳಿದ್ದು ನನ್ನ ಗೆರೇನ. ಅವನ ಗೆರೆ ಯಾರೂ ನೋಡೇ ಇಲ್ಲ. ಒಂದು ಪುಟನಾದ್ರೂ ನೋಡಲಿ."