ಅಣ್ಣನ ಸಾಂಬಾರಿನ ಹಿಂದೆ ಇದ್ದದ್ದು

ಅಡಿಗೆ ಮಾಡುವವರು ರುಚಿ ನೋಡುವ ಕ್ರಮ ನಮ್ಮಲ್ಲಿಲ್ಲ. ದೇವರಿಗೆ ಇಡುವ ಮೊದಲು ನಾಲಿಗೆಗೆ ತಾಗಿದರೆ ಎಂಜಲಾಯಿತು ಎಂದು ಉಡುಪಿ ಕಡೆಯ ನಮ್ಮ ಹಿರಿಯರು ಕಲಿಸಿದ್ದು. ಮೈಲಾಪೂರಿನ ನಮ್ಮ ಹೋಟೆಲಿಗೂ ಅದೇ ಕ್ರಮ ಬಂತು. ನಾನು ತರಕಾರಿ ಹೆಚ್ಚುವವನು. ಒಲೆ ನನ್ನ ಅಣ್ಣನದು. ಅವನು ಕುದಿಯುವ ಸಾಂಬಾರಿನ ಆವಿಗೆ ಮುಖ ಒಡ್ಡಿ, "ಹುಳಿಯ ಹಸಿ ವಾಸನೆ ಹೋಗ್ಲಿಲ್ಲ, ಇನ್ನೊಂದು ಕುದಿ ಬರ್ಲಿ" ಅಂದರೆ ಮುಗಿಯಿತು. ಎಷ್ಟೋ ವರ್ಷ ಅದು ತಪ್ಪಿದ್ದಿಲ್ಲ.

ಹೋದ ವರ್ಷ ತಪ್ಪತೊಡಗಿತು. ಒಂದು ದಿನ ಒಗ್ಗರಣೆ ಸೀದದ್ದು, ಒಂದು ದಿನ ಇಂಗೇ ಇಲ್ಲ. "ಏನ್ ಸಾಮಿ, ಮಾಸ್ಟರ್ ಊರಿಗೆ ಹೋಗಿದ್ದಾರಾ?" ಎಂದು ದಿನಾ ಬರುವವರು ಕುಟುಕಿದರು.

"ಇಂಗಿನವ ಮೋಸ ಮಾಡಿದ ಮಾರಾಯ," ಅಂದ ಅಣ್ಣ. ಅಂಗಡಿ ಬದಲಾಯಿಸಿದೆವು. ಆಮೇಲೆ ಲಾರಿಯಲ್ಲಿ ತರಿಸುವ ನೀರನ್ನು ಬೈದೆವು.

ಒಂದು ಬೆಳಿಗ್ಗೆ ನಾನು ಅಡಿಗೆಮನೆಗೆ ಕಾಲಿಟ್ಟರೆ ಗ್ಯಾಸಿನ ವಾಸನೆ ಮೂಗಿಗೆ ಬಡಿಯಿತು. ಅಣ್ಣ ಒಲೆಯ ಮುಂದೆ ಬೆಂಕಿಪೊಟ್ಟಣ ಹಿಡಿದು ನಿಂತಿದ್ದ. ಓಡಿ ಕಿತ್ತುಕೊಂಡೆ.

"ಎಂತ ಆಯ್ತು ನಿಂಗೆ?" ಅಂದ.

ನುಂಗಂಬಾಕ್ಕಂನ ಮೂಗಿನ ಡಾಕ್ಟರು ಅಣ್ಣನನ್ನು ನೋಡಿ, ನರದ ಡಾಕ್ಟರಿಗೊಂದು ಚೀಟಿ ಬರೆದುಕೊಟ್ಟರು. ಅದರಲ್ಲಿ ಇಂಗ್ಲಿಷಿನಲ್ಲಿ 'ಲೈಸ್ ಬಿಹೈಂಡ್' ಎಂದಿತ್ತು. ಎರಡು ಮಾತೂ ಬಿಡಿಬಿಡಿಯಾಗಿ ಗೊತ್ತು, ಜೋಡಿಸಿದರೆ ತಿಳಿಯಲಿಲ್ಲ. ಶಾಲೆಗೆ ಹೋಗುವ ಮೊಮ್ಮಗಳನ್ನು ಕೇಳಿದೆ. ಅವಳ ಕನ್ನಡ ಅರ್ಧ ತಮಿಳು.

"ಸಾಂಬಾರ್ ಕೆಟ್ಟದ್ದು ಎಲ್ಲರಿಗೂ ಕಾಣ್ತದೆ ತಾತಾ. ಅದರ ಹಿಂದೆ ಪೆರಿಯ ತಾತಾನ ಮೂಗು. ಆ ಮೂಗಿನ ಹಿಂದೆ ಏನು ಅಡಗಿದೆ, ಅದನ್ನ ಡಾಕ್ಟರ್ ಕೇಳ್ತಾರೆ. ಪುರಿಞ್ಚುದಾ?"

ತಿಳಿಯಿತು ಮಗಾ ಅಂದೆ.

ನರದ ಡಾಕ್ಟರು ನೋಡಿ, ವಾಸನೆಯ ನರ ಸತ್ತಿದೆ, ಮದ್ದಿಲ್ಲ ಅಂದರು. ಬಸ್ಸಿನಲ್ಲಿ ಬರುವಾಗ ಕೇಳಿದೆ, "ನಿಂಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ಹೇಳಿದ್ರೆ ನೀವು ಸೌಟು ಕಿತ್ಕೊಳ್ತಿದ್ರಿ."

ಇಂಗಿನವನನ್ನು ಸುಮ್ಮನೆ ಬೈದದ್ದರ ಹಿಂದೆ ಇದಿತ್ತು.

"ಇನ್ನು ಬಾಯಿಗೆ ಹಾಕಿ ನೋಡು ಅಣ್ಣಾ, ದೇವರು ಕ್ಷಮಿಸ್ತಾನೆ," ಅಂದೆ ಮರುದಿನ. ಅವನು ಒಲೆ ಸಣ್ಣ ಮಾಡಿದ. ಆಮೇಲೆ ಜನ್ಮದಲ್ಲಿ ಮೊದಲ ಸಲ ಒಲೆಯ ಮೇಲಿನ ಸಾಂಬಾರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿದ.

"ಬಿಸಿ ಉಂಟು. ಉಪ್ಪು, ಹುಳಿ, ಖಾರ ಉಂಟು. ಮತ್ತೆ ಎಂತದೂ ಇಲ್ಲ."

ಎಂಜಲಾಯಿತೆಂದು ಅಷ್ಟೂ ಸಾಂಬಾರನ್ನು ಮೋರಿಗೆ ಸುರಿದ. ಕೈ ಬಾಯಿ ತೊಳೆದು, ಸೌಟನ್ನೂ ತೊಳೆದು, ನನ್ನ ಕೈಗಿಟ್ಟು, ನನ್ನ ಈಳಿಗೆಮಣೆಯ ಮೇಲೆ ಹೋಗಿ ಕೂತ.