ಸತ್ತ ಅಕ್ಕನ ಫಿಟ್ಸು

ನನಗೆ ಫಿಟ್ಸ್ ಇದೆ ಎಂದು ನಾನು ಮೊದಲ ಸಲ ಕೈಯಾರೆ ಬರೆದದ್ದು ವಿಮಾನ ಹತ್ತುವ ಅರ್ಜಿಯಲ್ಲಿ. ಅಲ್ಲಿಯವರೆಗೆ ನಮ್ಮ ಮನೆಯೊಳಕ್ಕೆ ಆ ಪದವನ್ನೇ ಬಿಟ್ಟುಕೊಂಡಿರಲಿಲ್ಲ. ತಲೆಸುತ್ತು ಇತ್ತು, ಪಿತ್ತ ಇತ್ತು, ‘ಊಟ ಬುಟ್ಟು ಹಂಗಾಯ್ತು’ ಇತ್ತು. ಹತ್ತನೇ ಕ್ಲಾಸಿನಲ್ಲಿದ್ದಾಗ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತ ಬಿದ್ದು ಒದ್ದಾಡಿದೆನಂತೆ. ಎಚ್ಚರವಾದಾಗ ನನ್ನ ಅಂಗೈಯಲ್ಲಿ ಬೀಗದ ಕೈ ಗೊಂಚಲು, ಮೂಗಿನ ಹತ್ತಿರ ಅರ್ಧ ಈರುಳ್ಳಿ, ಪಕ್ಕದಲ್ಲಿ ಚೆಲ್ಲಿಹೋದ ಹಾಲು. ಅವ್ವ ಮೊದಲು ಕೊಟ್ಟಿಗೆಯ ಬಾಗಿಲು ಹಾಕಿದಳು. ಆಮೇಲೆ ನನ್ನ ಬಾಯಿ ಒರೆಸಿದಳು.

ನಮ್ಮೂರು ಸೋಲೂರಿನ ಹತ್ತಿರ. ಮಾಗಡಿಯಲ್ಲೂ ಡಾಕ್ಟರಿದ್ದರು, ನೆಲಮಂಗಲದಲ್ಲೂ ಇದ್ದರು. ಆದರೆ ಎರಡು ಕಡೆಯೂ ನಮ್ಮ ನೆಂಟರಿದ್ದರು. ಅವ್ವ ಯಾರ್‍ಯಾರನ್ನೋ ಸುತ್ತುಬಳಸಿ ವಿಚಾರಿಸಿ ಕನಕಪುರ ಹುಡುಕಿದಳು. ಅಲ್ಲೊಂದು ಚಿಕ್ಕ ನರ್ಸಿಂಗ್ ಹೋಮಿಗೆ ನರದ ಡಾಕ್ಟರೊಬ್ಬರು ವಾರಕ್ಕೊಂದು ದಿನ ಬೆಂಗಳೂರಿನಿಂದ ಬರುತ್ತಿದ್ದರು. ಮಾಗಡಿಯಲ್ಲಿ ಬಸ್ಸು ಬದಲಿಸಿ, ರಾಮನಗರದಲ್ಲಿ ಮತ್ತೆ ಬದಲಿಸಿ ಹೋಗಬೇಕು. ದಾರಿಯಲ್ಲಿ ಗುರುತಿನವರು ಸಿಕ್ಕಿದರೆ ‘ಕನಕಪುರದ ಕಡೆ ಹರಕೆ ಐತೆ’ ಎನ್ನುವುದು. ನಾವು ತೀರಿಸಿದಷ್ಟು ಹರಕೆಯನ್ನು ನಮ್ಮ ಹೋಬಳಿಯಲ್ಲಿ ಇನ್ಯಾರೂ ತೀರಿಸಿರಲಾರರು.

ಮೊದಲ ದಿನ ಚೀಟಿ ಮಾಡುವವಳು ಹೆಸರೇನೆಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಒಂದು ಹೆಸರು ಹೇಳಿದಳು. ಅದು ನನ್ನದಲ್ಲ. ನನಗಿಂತ ಮೊದಲು ಹುಟ್ಟಿ, ಅಂಬೆಗಾಲಿಡುವ ಮುಂಚೆಯೇ ತೀರಿಕೊಂಡ ಅಕ್ಕನದು. ಹೊರಗೆ ಬಂದಮೇಲೆ ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

“ನಿನ್ ಹೆಸ್ರಲ್ಲಿ ಬರ್ಸುದ್ರೆ ನಾಳೆ ಯಾರ್ ಬಂದು ಹೆಣ್ಣು ಕೇಳ್ತಾರೆ?” ಎಂದಳು ಅವ್ವ. “ಅವ್ಳಿಗೇನು, ಗಂಡು ನೋಡ್ಬೇಕಾ?”

ಹೀಗೆ ನನ್ನ ಫಿಟ್ಸು ಅಕ್ಕನ ಪಾಲಿಗೆ ಹೋಯಿತು. ಆ ಹೆಸರು ಕೂಗಿದಾಗ ಎದ್ದು ಒಳಗೆ ಹೋಗುವುದನ್ನು ಕಲಿತೆ. ಗುಳಿಗೆಗೆ ಒಸಡು ಊದಿಕೊಂಡದ್ದು ನನಗೆ, ಕೂದಲು ಉದುರಿದ್ದು ನನಗೆ, ಕ್ಲಾಸಿನಲ್ಲಿ ತೂಕಡಿಸಿ ಬೈಸಿಕೊಂಡದ್ದು ನಾನು. ವಾಸಿಯಾಗುತ್ತ ಬಂದವಳು ಮಾತ್ರ ಅವಳು. ಆಮೇಲೆ ಏಳು ವರ್ಷ ಒಂದು ಸಲವೂ ಫಿಟ್ಸು ಬರಲಿಲ್ಲ. ಈ ನಡುವೆ ಗಂಡಿನ ಕಡೆಯವರು ಬಂದರು, ಉಪ್ಪಿಟ್ಟು ಕೇಸರಿಬಾತು ತಿಂದರು, ತೋಟ ಎಷ್ಟಿದೆ ಎಂದು ಕೇಳಿದರು, ಹೋದಮೇಲೆ ಜಾತಕ ಕೂಡಲಿಲ್ಲ ಎಂದು ಹೇಳಿ ಕಳಿಸಿದರು. ಎಲ್ಲರ ಜಾತಕವೂ ಅದೆಷ್ಟು ಸಲೀಸಾಗಿ ಕೂಡದೆ ಹೋಗುತ್ತಿತ್ತೆಂದರೆ, ನನಗೆ ಜೋಯಿಸರ ಮೇಲೇ ಸಿಟ್ಟಿತ್ತು. ಅವ್ವನಿಗೆ ಮಾತ್ರ ಒಂದು ಸಮಾಧಾನ, ವಿಷಯ ಹೊರಗೆ ಹೋಗಿಲ್ಲವಲ್ಲ ಎಂದು.

ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ನನಗೆ ಕೆಲಸ. ಮಾಲು ಪ್ಯಾಕಿಂಗಿಗೆ ಹೋಗುವ ಮುಂಚೆ ಪರೀಕ್ಷೆ ಮಾಡುವುದು. ಹೋದ ವರ್ಷ ಥಾಯ್ಲೆಂಡಿನ ಕಾರ್ಖಾನೆಗೆ ಎರಡು ತಿಂಗಳ ತರಬೇತಿಗೆ ನಮ್ಮ ಕಡೆಯಿಂದ ಕೆಲವರನ್ನು ಆರಿಸಿದರು. ಅದರಲ್ಲಿ ನಾನೂ ಇದ್ದೆ. ವಾಪಸು ಬಂದಮೇಲೆ ಇಡೀ ಲೈನು ನನ್ನ ಕೈಗೆ. ನೋಡಲು ಬಂದವರೆಲ್ಲ ಬೇಡವೆಂದು ಎದ್ದುಹೋದ ನನ್ನನ್ನು ಇವಳು ಬೇಕು ಎಂದು ಯಾರಾದರೂ ಕರೆದದ್ದು ಅದೇ ಮೊದಲು. ಹೋಗಲೇಬೇಕು ಅನ್ನಿಸಿತು, ಹೊಟ್ಟೆಯಲ್ಲಿ ಹಸಿವಾದ ಹಾಗೆ ಅನ್ನಿಸಿತು.

ಅರ್ಜಿಯಲ್ಲಿ ಯಾವುದಾದರೂ ಕಾಯಿಲೆ ಇದೆಯೇ ಎಂದು ಕೇಳಿದ್ದರು. ನಾನು ನಿಜ ಬರೆದೆ. ಸುಳ್ಳಿನ ಜೊತೆ ಬದುಕಿ ಸಾಕಾಗಿತ್ತು. ಹತ್ತಾರು ಸಾವಿರ ಅಡಿ ಮೇಲೆ ಹೋದಾಗ ಬಂದುಬಿಟ್ಟರೆ ಬೀಗದ ಕೈ ಹಿಡಿಸುವವರು ಯಾರು ಎಂಬ ಭಯವೂ ಇತ್ತು. ಆಫೀಸಿನವನು ಓದಿ ಗಾಬರಿಯೇನೂ ಆಗಲಿಲ್ಲ. “ನಿಮ್ಮನ್ನ ನೋಡ್ತಿರೋ ಡಾಕ್ಟ್ರ ಹತ್ರ ಒಂದು ಕಾಗದ ತನ್ನಿ. ಎಷ್ಟು ವರ್ಷದಿಂದ ಬಂದಿಲ್ಲ, ಏನ್ ಗುಳಿಗೆ, ವಿಮಾನದಲ್ಲಿ ಹೋಗಬಹುದು ಅಂತ ಬರೆದು ಸೀಲು ಹಾಕಿದ್ರೆ ಮುಗೀತು” ಎಂದ.

ಮನೆಗೆ ಬಂದು ಹೇಳಿದೆ. ಅವ್ವ ರಾಗಿಮುದ್ದೆ ತಿರುವುತ್ತಿದ್ದ ಕೋಲನ್ನು ಹಾಗೇ ನಿಲ್ಲಿಸಿ, “ಬರ್ದ್‌ಬುಟ್ಟಾ?” ಎಂದಳು. ಹೆಸರಿನ ತೊಡಕು ನನಗೂ ಗೊತ್ತಿತ್ತು. ಹಳೆಯ ಡಾಕ್ಟರಿಗೆ ನನ್ನ ಮುಖ ಗೊತ್ತು, ಅವರ ಕಾಲು ಹಿಡಿದಾದರೂ ಸರಿಮಾಡಿಸಿಕೊಂಡರಾಯಿತು ಎಂದುಕೊಂಡು ಅವ್ವನನ್ನೂ ಹೊರಡಿಸಿಕೊಂಡು ಕನಕಪುರಕ್ಕೆ ಹೋದೆ. ಹೋದರೆ ಅವರು ಬರುವುದನ್ನು ಬಿಟ್ಟು ಎಷ್ಟೋ ತಿಂಗಳಾಗಿತ್ತು. ನಾನು ಹಳೆಯ ಚೀಟಿ ತೋರಿಸಿ ಬಿಡದಿಯ ಮೆಡಿಕಲ್ ಅಂಗಡಿಯಲ್ಲೇ ಗುಳಿಗೆ ತೆಗೆದುಕೊಳ್ಳುತ್ತಿದ್ದವಳು, ನನಗೆ ಗೊತ್ತಾಗಿರಲಿಲ್ಲ. ಅವರ ಕುರ್ಚಿಯಲ್ಲಿ ಹೊಸ ಲೇಡಿ ಡಾಕ್ಟರು ಕೂತಿದ್ದರು. ಹಳೆಯ ಫೈಲು ತರಿಸಿದರು, ನನ್ನ ಪಾಸ್‌ಪೋರ್ಟು ನೋಡಿದರು, ಮತ್ತೆ ಫೈಲು ನೋಡಿದರು.

“ಇದು ಬೇರೆ ಪೇಷೆಂಟ್‌ದು” ಎಂದರು. “ಇವ್ರಿಗೇನೋ ನಾನು ಈಗಲೇ ಬರ್ಕೊಡ್ತೀನಿ. ಏಳು ವರ್ಷದಿಂದ ಫಿಟ್ಸ್ ಇಲ್ಲ, ಗುಳಿಗೆ ತಪ್ಪಿಸಿಲ್ಲ. ವಿಮಾನದಲ್ಲಿ ಆರಾಮಾಗಿ ಹೋಗಬಹುದು. ಅವ್ರನ್ನ ಕರ್ಕೊಂಡು ಬನ್ನಿ.”

ನಾನು ಹೇಗೆ ಶುರುಮಾಡಲಿ ಎಂದು ತಡಕಾಡುತ್ತಿದ್ದೆ. ಅಷ್ಟರಲ್ಲಿ ಅವ್ವ ಗಾಬರಿಯಿಂದ, “ಅವ್ಳು ತೀರ್ಕಂಡ್ಬುಟ್ಲು ಕಣವ್ವ” ಎಂದುಬಿಟ್ಟಳು.

ಡಾಕ್ಟರ ಮುಖ ಇಳಿಯಿತು. “ಯಾವಾಗ? ಫಿಟ್ಸ್ ಬಂದಾ?”

“ಕೂಸಾಗಿದ್ದಾಗ್ಲೇ” ಎಂದಳು ಅವ್ವ.

ಆಮೇಲೆ ನಾನೇ ಎಲ್ಲವನ್ನೂ ಬಿಡಿಸಿ ಹೇಳಿದೆ. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಜಗಳವಾಡಿಯಾದರೂ ಬರುತ್ತಿದ್ದೆ. ಅವರು ನೀರು ಕೊಟ್ಟು, “ನಿಮ್ಮನ್ನ ನಾನು ನಂಬ್ತೀನಿ. ಆದ್ರೆ ಈ ಪೇಷೆಂಟ್ ನೀವೇ ಅಂತ ಹೆಂಗೆ ಸೈನ್ ಮಾಡ್ಲಿ? ಮೇಲೆ ಏನಾದ್ರೂ ಆದ್ರೆ ನನ್ನನ್ನ ಕೇಳ್ತಾರೆ” ಎಂದರು. ಹೊಸದಾಗಿ ನನ್ನ ಹೆಸರಿನಲ್ಲಿ ಶುರುಮಾಡಬೇಕು, ತಲೆಗೆ ವಯರು ಹಚ್ಚಿ ಪರೀಕ್ಷೆ ಮಾಡಿಸಬೇಕು, ಆರು ತಿಂಗಳು ನೋಡಬೇಕು, ಆಮೇಲೆ ಬರೆದುಕೊಡುತ್ತಾರಂತೆ. ತರಬೇತಿ ಇದ್ದದ್ದು ಮುಂದಿನ ತಿಂಗಳು. ನನ್ನ ಜಾಗಕ್ಕೆ ಪಕ್ಕದ ಮೇಜಿನವಳನ್ನು ಹಾಕಿದರು, ಈಗ ಲೈನು ಅವಳ ಕೈಯಲ್ಲಿದೆ.

ವಿಮಾನ ಹತ್ತಲು ಯಾವ ಅಡ್ಡಿಯೂ ಇಲ್ಲದವಳು ನಮ್ಮ ತೋಟದ ಮೂಲೆಯ ಮಣ್ಣಿನಲ್ಲಿದ್ದಳು. ನಾನು ಆವತ್ತಷ್ಟೇ ಕಾಯಿಲೆ ಬಿದ್ದ ಹೊಸ ರೋಗಿಯಾಗಿ, ಹೊಸ ಕಾರ್ಡು ಹಿಡಿದುಕೊಂಡು ಹೊರಗೆ ಬಂದೆ. ಬಸ್ಸಿನಲ್ಲಿ ಅವ್ವ, “ನಿನ್ ಒಳ್ಳೇದುಕ್ಕೇ ಮಾಡುದ್ನಲ್ಲವ್ವ” ಎಂದಳು. ಅದು ನಿಜವೇ, ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಕೆಟ್ಟದ್ದು ಮಾಡಿದವರಿಗಾದರೆ ಎರಡು ಮಾತು ಅನ್ನಬಹುದು. ರಾಮನಗರ ಬರುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ.

ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ಮಾಗಡಿ ಬಸ್ಸಿಗೆ ಕಾಯುವಾಗ ಪಕ್ಕದೂರಿನ ಹೆಂಗಸೊಬ್ಬರು ಸಿಕ್ಕರು. ದೂರದ ಸಂಬಂಧದಲ್ಲಿ ನನಗೆ ಅತ್ತೆಯಾಗಬೇಕು. ರೇಷ್ಮೆಗೂಡು ಮಾರಲು ಬಂದಿದ್ದ ಗಂಡನಿಗಾಗಿ ಕಾಯುತ್ತಿದ್ದರು.

“ಎತ್ಲಾಗ್ ಹೋಗಿದ್ರಕ್ಕ ಅವ್ವ ಮಗ್ಳು?” ಎಂದರು.

“ಕನಕಪುರದ್ ಕಡೆ ಒಂದು ಹರಕೆ ಇತ್ತು ಕಣವ್ವ” ಎಂದಳು ಅವ್ವ. ಅಷ್ಟೆಲ್ಲ ಆದಮೇಲೂ.

ನನಗೆ ತಡೆಯಲಾಗಲಿಲ್ಲ. “ಹರಕೆ ಅಲ್ಲ ಕಣತ್ತೆ. ನಂಗೆ ಫಿಟ್ಸ್ ಐತೆ. ಡಾಕ್ಟ್ರುಗ್ ತೋರ್ಸಕ್ ಹೋಗಿದ್ವಿ” ಎಂದೆ. ಅವ್ವ ನನ್ನ ತೋಳು ಹಿಡಿದು ಜಗ್ಗಿದಳು.

ಅತ್ತೆ ಬೆಚ್ಚಲಿಲ್ಲ. ಬಾಯಲ್ಲಿದ್ದ ಎಲೆಅಡಿಕೆ ಆಚೆ ಕೆನ್ನೆಗೆ ತಳ್ಳಿಕೊಂಡು, “ಅದ್ ಗೊತ್ತಿಲ್ವೇನವ್ವ ನಂಗೆ. ನಿನ್ನ ನೋಡಕ್ ಬಂದೋರೆಲ್ಲ ನಮ್ಮೂರಲ್ಲಿ ವಿಚಾರಿಸ್ಕಂಡೇ ತಾನೆ ವಾಪಸ್ ಹೋಯ್ತಿದ್ದದ್ದು” ಎಂದರು.

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಲ್ಲ, ನಮ್ಮ ಮನೆಯವರದು ಹಾಗಾಗಿತ್ತು. ಊರಿಗೆಲ್ಲ ಗೊತ್ತಿದ್ದ ನನ್ನ ಕಾಯಿಲೆಯನ್ನು ನಾವು ಇಷ್ಟು ವರ್ಷ ಮುಚ್ಚಿಟ್ಟದ್ದು ಆಸ್ಪತ್ರೆಯವರಿಂದ ಮಾತ್ರ. ಅವ್ವ ನನ್ನ ತೋಳು ಬಿಟ್ಟು, ಹೋಗಿ ಕಲ್ಲುಬೆಂಚಿನ ತುದಿಯಲ್ಲಿ ಕೂತಳು.

“ಈಗ ಹೆಂಗೈತೆ?” ಎಂದರು ಅತ್ತೆ.

“ವಾಸಿಯಾಗಿ ಏಳ್ ವರ್ಸ ಆಯ್ತತ್ತೆ.”

“ಅಷ್ಟಾಯ್ತಲ್ಲ, ಸಾಕ್ ಬುಡು” ಎಂದು ನನ್ನ ತಲೆ ಸವರಿ ಅವರು ಗಂಡ ಬಂದರೇ ಎಂದು ನೋಡಲು ಹೋದರು. ನನಗೆ ವಾಸಿಯಾಗಿದೆಯೆಂದು ಆವತ್ತು ಯಾವ ಕಾಗದವನ್ನೂ ಕೇಳದೆ ಒಪ್ಪಿಕೊಂಡವರು ಅವರೊಬ್ಬರೇ. ಅವರ ಹತ್ತಿರ ಸೀಲು ಇರಲಿಲ್ಲ.