‘ಟೇಕ್’ ಪದದ ಮಿಸ್ ಥ್ವೈಟ್

ಲೀಡ್ಸ್‌ನ ನಮ್ಮ ನಿಘಂಟು ಕಚೇರಿಯಲ್ಲಿ ಬೇಸಿಗೆಯಲ್ಲೂ ಕಿಟಕಿ ತೆರೆಯುತ್ತಿರಲಿಲ್ಲ. ಗಾಳಿ ನುಗ್ಗಿದರೆ ಮ್ಯೂರಿಯಲ್ ಥ್ವೈಟ್ ಅವರ ಚೀಟಿಗಳು ಹಾರುತ್ತವೆ. ಇಂಗ್ಲಿಷಿನ ‘ಟೇಕ್’ ಎಂಬ ಪದ ಅವರ ಪಾಲಿಗೆ ಬಂದದ್ದು ಯುದ್ಧ ಮುಗಿದ ವರ್ಷ, ನಾನು ಕೆಲಸಕ್ಕೆ ಸೇರುವುದಕ್ಕೆ ಎಷ್ಟೋ ಮೊದಲು. ಪುಸ್ತಕ, ಪತ್ರಿಕೆಗಳಿಂದ ಆರಿಸಿದ ಒಂದೊಂದು ವಾಕ್ಯಕ್ಕೆ ಒಂದು ಚೀಟಿ. ಒಂದೊಂದು ಅರ್ಥಕ್ಕೆ ಒಂದು ಗುಡ್ಡೆ. ಕೈ ಹಿಡಿಯುವುದು, ಔಷಧಿ ಕುಡಿಯುವುದು, ರೈಲು ಹತ್ತುವುದು, ಅವಮಾನ ನುಂಗುವುದು, ಮಗುವನ್ನು ಶಾಲೆಗೆ ಕರೆದೊಯ್ಯುವುದು, ಎಲ್ಲಕ್ಕೂ ಆ ಒಂದೇ ಕ್ರಿಯಾಪದ. ಕರ್ಮಪದವನ್ನು ಬೇಡದೆ ನಿಲ್ಲುವುದೂ ಉಂಟು: ನೆಟ್ಟ ಕಡ್ಡಿ ಬೇರು ಹಿಡಿದರೆ ತೋಟದವನು ಅದನ್ನೇ ಹೇಳುತ್ತಾನೆ. ನಾಮಪದವಾದಾಗ, ಬೆಸ್ತನ ಬಲೆಗೆ ಬಿದ್ದ ಮೀನು.

“ಮದುವೆ ಆಗಿದ್ರೆ ಇಷ್ಟೊತ್ತಿಗೆ ಮೊಮ್ಮಕ್ಕಳಾಗ್ತಿದ್ರು, ಮಿಸ್ ಥ್ವೈಟ್,” ಎಂದು ಸಂಪಾದಕ ಪೆಗ್ ಛೇಡಿಸುತ್ತಿದ್ದರು.

“ಯಾವ ಗಂಡಸಲ್ಲಿ ಇಷ್ಟು ಅರ್ಥ ಸಿಗುತ್ತೆ, ಪೆಗ್ ಸಾಹೇಬ್ರೇ?”

ಆ ಪದವನ್ನು ಮುಗಿಸಿಯೇ ನಿವೃತ್ತಿಯಾಗಬೇಕು. ಬೇರೆ ಆಸೆ ಅವರಿಗಿರಲಿಲ್ಲ.

ಒಂದು ಚಳಿಗಾಲ ಗುಡ್ಡೆಗಳು ಒಂದರೊಳಗೊಂದು ಕರಗತೊಡಗಿದವು. ರೈಲಿನ ಚೀಟಿ ಮೀನಿನ ಜೊತೆ ಸೇರುತ್ತಿತ್ತು. ಒಂದೇ ವಾಕ್ಯವನ್ನು ಮತ್ತೆ ಮತ್ತೆ ಓದಿ ಚೀಟಿಯನ್ನು ನನ್ನತ್ತ ಚಾಚುತ್ತಿದ್ದರು.

“ಹೆಸ್ಟರ್, ಇದು ಎಲ್ಲಿಗೆ ಹೋಗುತ್ತೆ ನೋಡೇ. ಈ ಕನ್ನಡಕ ಸರಿಯಿಲ್ಲ.”

ತಪ್ಪು ಕನ್ನಡಕದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಅವರು ಊಟಕ್ಕೆ ಹೋದಾಗ ನಾನು ಗುಡ್ಡೆಗಳನ್ನು ಸರಿಪಡಿಸತೊಡಗಿದೆ. ಕೆಲವು ವಾರ ಅವರ ಮುಖದಲ್ಲಿ ಗೆಲುವಿತ್ತು. ಆಮೇಲೊಂದು ಮಧ್ಯಾಹ್ನ ಕೋಟು ಬಿಚ್ಚದೆ ಮೇಜಿನ ಮುಂದೆ ನಿಂತುಬಿಟ್ಟರು.

“ಇದು ನಿನ್ನ ಕೈ ಕೆಲಸ ಕಣೇ.”

“ಇಲ್ಲ ಮಿಸ್ ಥ್ವೈಟ್, ಬೆಳಿಗ್ಗೆ ನೀವೇ...”

“ಸುಳ್ಳು ಬೇಡ. ಅವಮಾನ ನುಂಗೋದನ್ನ ನಾನು ಯಾವತ್ತೂ ಔಷಧಿ ಪಕ್ಕ ಇಟ್ಟೋಳಲ್ಲ. ನಂದು ಬೇರೆ ಕ್ರಮ ಇತ್ತು.” ಅವರ ಬೆರಳು ಗುಡ್ಡೆಯಿಂದ ಗುಡ್ಡೆಗೆ ಹೋಗಿ ನಿಂತಿತು. “ಯಾವ ಕ್ರಮ ಅಂತ ಮಾತ್ರ ಈಗ ಗೊತ್ತಾಗ್ತಿಲ್ಲ.”

ಅಷ್ಟೂ ಗುಡ್ಡೆಗಳನ್ನು ಒಟ್ಟುಮಾಡಿದರು. ದಾರ ಕಟ್ಟಿ ಪೆಗ್ ಅವರ ಮುಂದಿಟ್ಟರು.

“ಬೇರೆ ಯಾರಿಗಾದ್ರೂ ಕೊಡಿ. ನನ್ನ ಕೈಲಿ ಆಗಲ್ಲ.”

ಪೆಗ್ ಛೇಡಿಸಲಿಲ್ಲ. ಎದ್ದು ನಿಂತರು, ಅಷ್ಟೆ.

ಮರುದಿನ ಮಿಸ್ ಥ್ವೈಟ್ ಎಂದಿನಂತೆ ಬಂದರು. ಪೆನ್ಸಿಲ್ ಚೂಪು ಮಾಡಿದರು. ಖಾಲಿ ಮೇಜನ್ನು ನೋಡಿ, ಬಗ್ಗಿ ಅದರ ಕೆಳಗೂ ಹುಡುಕಿದರು.

“ಹೆಸ್ಟರ್, ನನ್ನ ಚೀಟಿಗಳು ಎಲ್ಲೇ?”

ಹೇಳಿದೆ. ಬಹಳ ಹೊತ್ತು ಅತ್ತರು. ಅದರ ಮರುದಿನ ಮತ್ತೆ ಕೇಳಿದರು.